ರಬ್ಬರ್ ಮ್ಯಾಟಿನ ಮೇಲಿನ ಚಪ್ಪಲಿ

೨೦೨೪ರ ಜನವರಿಯಲ್ಲಿ ನನ್ನನ್ನು ದಾವಣಗೆರೆಯ ಕಚೇರಿಯಿಂದ ಎತ್ತಿ ಹರಿಹರದ ಹತ್ತಿರದ ಒಂದು ಜಾಕ್‌ವೆಲ್‌ಗೆ ಸಹಾಯಕ ಎಂಜಿನಿಯರ್ ಆಗಿ ಹಾಕಿದರು. ಆಗ ನನ್ನ ನೌಕರಿಗೆ ಮೂವತ್ತಮೂರು ವರ್ಷ ತುಂಬಿತ್ತು, ನಿವೃತ್ತಿಗೆ ಇನ್ನು ಒಂದೂವರೆ ವರ್ಷ ಉಳಿದಿತ್ತು. ಅದು ಯಾವ ಯೋಜನೆಯದು, ಯಾರ ಅಧೀನದ್ದು ಎಂದು ಇಲ್ಲಿ ಹೇಳುವುದಿಲ್ಲ. ತಪ್ಪು ನನ್ನದು. ಅದಕ್ಕೆ ಇನ್ನೊಬ್ಬರ ಬೋರ್ಡು ತಗುಲಿಸುವ ಅಗತ್ಯವಿಲ್ಲ.

ಜಾಕ್‌ವೆಲ್ ಎಂದರೆ ಹೊಳೆಯ ಅಂಚಿನಲ್ಲಿ ಕಟ್ಟಿದ ಭಾರಿ ಕಾಂಕ್ರೀಟ್ ಬಾವಿ. ಅದರ ಗೋಡೆಯಲ್ಲಿ ನೀರಿನ ಮಟ್ಟದ ಕೆಳಗೆ ದೊಡ್ಡ ಕಿಂಡಿಗಳಿರುತ್ತವೆ. ಅವುಗಳಿಂದ ತುಂಗಭದ್ರೆಯ ನೀರು ಒಳಗೆ ಬರುತ್ತದೆ. ಕಿಂಡಿಗಳ ಹೊರಬದಿಗೆ ಕಬ್ಬಿಣದ ಜಾಲರಿ. ಬಾವಿಯ ಮೇಲೆ ಮೂರು ಪಂಪು, ಒಂದೊಂದೂ ೧೨೦ ಎಚ್.ಪಿ. ಎರಡು ಓಡುತ್ತವೆ, ಒಂದು ಬಿಡುವಿನಲ್ಲಿರುತ್ತದೆ. ಇವು ನೀರನ್ನು ಶುದ್ಧೀಕರಣ ಘಟಕಕ್ಕೆ ತಳ್ಳುತ್ತವೆ, ಅಲ್ಲಿಂದ ಅದು ಊರುಗಳ ನಲ್ಲಿಗೆ ಹೋಗುತ್ತದೆ. ಮನೆಯಲ್ಲಿ ನಲ್ಲಿ ತಿರುಗಿಸಿದವರಿಗೆ ನಾವು ನೆನಪಾಗುವುದು ನೀರು ಬರದಿದ್ದ ದಿನ ಮಾತ್ರ, ಅದೂ ಬೈಗುಳದ ಜೊತೆ.

ಜಾಲರಿಗೆ ಕಳೆ, ಹರಕು ಬಟ್ಟೆ, ಪ್ಲಾಸ್ಟಿಕ್ ಮೆತ್ತಿಕೊಂಡರೆ ಪಂಪು ನೀರಿನ ಬದಲು ಗಾಳಿ ಎಳೆಯತೊಡಗುತ್ತದೆ. ಆಗ ಪಂಪು ನಿಲ್ಲಿಸಿ, ಒಬ್ಬ ಮನುಷ್ಯ ಹೊಳೆಯ ಕಡೆಯಿಂದ ಮುಳುಗಿ ಅದನ್ನು ಕೈಯಿಂದಲೇ ಕಿತ್ತು ತೆಗೆಯಬೇಕು. ನಮ್ಮಲ್ಲಿ ಆ ಕೆಲಸ ಮಾಡುತ್ತಿದ್ದವನು ತಿಪ್ಪೇಶಿ. ನಲವತ್ತಾರು ವರ್ಷ, ಬೆಸ್ತರ ಮನೆತನ, ಹರಿಹರದಲ್ಲಿ ಹೊಳೆಗೆ ಹತ್ತಿರವೇ ಮನೆ. ಸಿಲಿಂಡರ್ ಗಿಲಿಂಡರ್ ಏನೂ ಇಲ್ಲ. ಉಸಿರು ಕಟ್ಟಿ ಮುಳುಗುವುದು, ಒಂದು ಹಿಡಿ ಕಸ ಕಿತ್ತು ಏಳುವುದು, ಮತ್ತೆ ಮುಳುಗುವುದು. ಸೊಂಟಕ್ಕೊಂದು ಹಗ್ಗ. ಆ ಹಗ್ಗದ ಇನ್ನೊಂದು ತುದಿಯನ್ನು ಹೊಳೆಯ ಮೇಲಿನ ನಡೆಸೇತುವೆಯಲ್ಲಿ ನಿಂತು ಅವನ ಹೆಂಡತಿ ಗಿರಿಜಮ್ಮ ಹಿಡಿಯುತ್ತಿದ್ದರು. ಇದೇನಪ್ಪ, ಗಂಡಸರು ಯಾರೂ ಸಿಗಲಿಲ್ಲವೇ ಎಂದು ನಾನು ಮೊದಲ ದಿನ ಕೇಳಿದ್ದೆ.

"ಬೇರೆಯವ್ರು ಹಿಡಿದ್ರೆ ಮೊಬೈಲ್ ನೋಡ್ತಾರೆ ಸಾರ್. ಇಕಿ ಹಿಡಿದ್ರೆ ನನ್ನೇ ನೋಡ್ತಾಳೆ" ಎಂದ ತಿಪ್ಪೇಶಿ. ಗಿರಿಜಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು.

ಇನ್ನೊಂದು ಪದ್ಧತಿ ಇತ್ತು. ಪ್ಯಾನೆಲ್ ಬೋರ್ಡ್ ಎದುರು ಕರೆಂಟು ಹೊಡೆಯದ ಹಾಗೆ ಒಂದು ರಬ್ಬರ್ ಮ್ಯಾಟ್ ಹಾಸಿರುತ್ತದೆ. ಪಂಪಿನ ಗುಂಡಿ ಒತ್ತುವವರು ಅದರ ಮೇಲೆ ನಿಂತೇ ಒತ್ತಬೇಕು. ನೀರಿಗಿಳಿಯುವ ಮುಂಚೆ ತಿಪ್ಪೇಶಿ ತನ್ನ ಚಪ್ಪಲಿಯನ್ನು ಆ ಮ್ಯಾಟಿನ ನಡುಮಧ್ಯೆ ಬಿಡುತ್ತಿದ್ದ. ಚಪ್ಪಲಿ ಅಲ್ಲಿದ್ದರೆ ಮನುಷ್ಯ ನೀರಲ್ಲಿದ್ದಾನೆ, ಯಾರೂ ಗುಂಡಿ ಮುಟ್ಟಕೂಡದು. ಕೆಲಸ ಮುಗಿದ ಮೇಲೆ ಅವನೇ ಬಂದು ಮೆಟ್ಟಿಕೊಂಡು ಹೋಗಬೇಕು, ಬೇರೆ ಯಾರೂ ಅದನ್ನು ಸರಿಸುವಂತಿಲ್ಲ. "ಚಪ್ಪಲಿ ಡ್ಯೂಟಿ ಮ್ಯಾಲೈತೆ" ಎಂದು ಆಪರೇಟರ್‌ಗಳು ತಮಾಷೆ ಮಾಡುತ್ತಿದ್ದರು. ಹದಿನೈದು ವರ್ಷದಿಂದ ಹೀಗೇ ನಡೆದಿತ್ತು, ಒಂದು ಗಾಯವೂ ಆಗಿರಲಿಲ್ಲ.

ನಿಯಮದ ಪುಸ್ತಕದಲ್ಲಿ ಇರುವುದು ಬೇರೆ. ಮೇನ್ ಸ್ವಿಚ್ ಇಳಿಸಿ, ಅದಕ್ಕೆ ಬೀಗ ಜಡಿದು, ಕೀಲಿಯನ್ನು ನೀರಿಗಿಳಿಯುವವನ ಕಡೆಯವರಿಗೆ ಕೊಡಬೇಕು. ಆ ಬೀಗವೂ ನಮ್ಮಲ್ಲಿತ್ತು, ಬೀರುವಿನಲ್ಲಿ, ತುಕ್ಕು ಹಿಡಿದು. ಹೊಸದಾಗಿ ಬಂದ ಎಂಜಿನಿಯರ್ ಆಗಿ ನಾನು ಅದನ್ನು ಹೊರಗೆ ತೆಗೆಸಬೇಕಿತ್ತು. ಚಪ್ಪಲಿಯ ಉಪಾಯ ನೋಡಿ ನನಗೆ ಎಷ್ಟು ಇಷ್ಟವಾಯಿತೆಂದರೆ, ಬೀಗದ ಮಾತೇ ಎತ್ತಲಿಲ್ಲ.

ಆ ವರ್ಷ ನನ್ನ ಬದುಕೂ ಮಗುಚಿ ಬಿದ್ದಿತ್ತು, ಒಳ್ಳೆಯ ಕಡೆಗೇ. ಆನೆಕೊಂಡದ ಹಳೆಯ ಮನೆಯನ್ನು ಜಗಳವಿಲ್ಲದೆ ತಮ್ಮನಿಗೆ ಬಿಟ್ಟುಕೊಟ್ಟು, ನಾನೂ ಮನೆಯವಳೂ ಪಿ.ಜೆ. ಬಡಾವಣೆಯ ಒಂದು ಮಹಡಿ ಮನೆಗೆ ಬಂದಿದ್ದೆವು. ಬಂದ ವಾರವೇ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಕಾಣಿಸಿತು. "ಬೆಣ್ಣೆ ದೋಸೆ ಬಿಡ್ರಿ, ಇಲ್ಲಾಂದ್ರೆ ಅದೇ ನಿಮ್ಮನ್ನ ಬಿಡ್ತದೆ" ಎಂದರು ಡಾಕ್ಟರು. ಸಿಟ್ಟು ಬಂತು. ಸಿಟ್ಟಿನಲ್ಲೇ ಸಿಗರೇಟನ್ನೂ ಬಿಟ್ಟೆ, ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ ಕೊಂಡೆ. ಭಾನುವಾರ ಬೆಳಿಗ್ಗೆ ಹರಿಹರದವರೆಗೆ ಹದಿನಾಲ್ಕು ಕಿಲೋಮೀಟರ್ ತುಳಿಯತೊಡಗಿದೆ. ಮೊದಲ ಸಲ ಸೇತುವೆ ಮುಟ್ಟುವಷ್ಟರಲ್ಲಿ ನಾಲಿಗೆ ಹೊರಗೆ ಬಂದಿತ್ತು.

ಅಲ್ಲಿ ತಿಪ್ಪೇಶಿ ಸಿಕ್ಕ. "ಇಷ್ಟು ದೂರ ಬಂದೀರಿ, ಹೊಳಿಗೆ ಇಳೀರಿ" ಎಂದ. ನನಗೆ ಈಜು ಬರುವುದಿಲ್ಲ ಎಂದೆ. ಜನ್ಮವಿಡೀ ನೀರಿನ ಇಲಾಖೆಯಲ್ಲಿದ್ದು ಈಜು ಬಾರದ ಎಂಜಿನಿಯರ್! ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ದಡದಾಗ ನೀವು ಸಾಹೇಬ್ರು. ನೀರಾಗ ನಾನು ಹೇಳಿದ್ದು ಕೇಳ್ಬೇಕು ನೋಡ್ರಿ ಮತ್ತೆ" ಎಂದು ಕರಾರು ಹಾಕಿ ಕಲಿಸಲು ಶುರು ಮಾಡಿದ. ಐವತ್ತೆಂಟರ ವಯಸ್ಸಿನಲ್ಲಿ ನಾನು ಪಟ್ಟಾಪಟ್ಟಿ ಚಡ್ಡಿ ಹಾಕಿಕೊಂಡು, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಕೈಕಾಲು ಬಡಿದೆ. ದಡದ ಮೇಲೆ ಬಟ್ಟೆ ಒಗೆಯುವ ಹೆಂಗಸರು ಕೆಲಸ ಬಿಟ್ಟು ನೋಡುತ್ತಿದ್ದರು. ಏಪ್ರಿಲ್ ಹೊತ್ತಿಗೆ ಬುರುಡೆ ಬಿಟ್ಟೆ. ಮೇ ತಿಂಗಳಲ್ಲಿ ಅಂಗಾತ ತೇಲುವುದು ಬಂತು. ಅವನ ಒಂದು ಅಂಗೈ ನನ್ನ ಬೆನ್ನ ಕೆಳಗೆ ಇರುತ್ತಿತ್ತು, ಯಾವಾಗ ತೆಗೆದನೆಂದು ಗೊತ್ತೇ ಆಗುತ್ತಿರಲಿಲ್ಲ. ಹನ್ನೊಂದು ಕಿಲೋ ಇಳಿದೆ. ಅಷ್ಟು ಸಂತೋಷವಾಗಿ ನಾನು ಚಿಕ್ಕಂದಿನಲ್ಲೂ ಇರಲಿಲ್ಲ.

ಜೂನ್ ಕೊನೆಯ ವಾರ. ಮೇಲೆ ಮಳೆ ಹಿಡಿದು ಹೊಳೆಗೆ ಕೆಂಪು ನೀರು ಬಂದು ಮೂರನೇ ದಿನ. ವರ್ಷದ ಕಸವೆಲ್ಲ ಆ ನೀರಲ್ಲೇ ಬರುತ್ತದೆ. ಪಂಪುಗಳು ಗೊರಗೊರ ಎನ್ನತೊಡಗಿದವು. ಮಧ್ಯಾಹ್ನ ಹನ್ನೆರಡಕ್ಕೆ ಆಪರೇಟರ್ ರಫೀಕ್ ಎರಡೂ ಪಂಪು ನಿಲ್ಲಿಸಿದ. ತಿಪ್ಪೇಶಿ ಮ್ಯಾಟಿನ ಮೇಲೆ ಚಪ್ಪಲಿ ಬಿಟ್ಟು ನೀರಿಗಿಳಿದ. ಗಿರಿಜಮ್ಮ ಹಗ್ಗ ಹಿಡಿದರು. ಅದೇ ದಿನ ಎರಡು ಗಂಟೆಗೆ ಮೇಲಧಿಕಾರಿಯೊಬ್ಬರು ತಪಾಸಣೆಗೆ ಬರುವವರಿದ್ದರು.

ನನಗೆ ಅಚ್ಚುಕಟ್ಟಿನ ಹುಚ್ಚು. ಮನೆಯಲ್ಲಿ ಪೇಪರ್ ಸೊಟ್ಟಗಿದ್ದರೆ ಎದ್ದು ನೇರ ಮಾಡುವ ಜಾತಿ. ಆ ಬೆಳಿಗ್ಗೆಯಿಂದ ನಾನು ಎಲ್ಲರ ತಲೆ ತಿಂದಿದ್ದೆ. ಕಸ ಗುಡಿಸಿ, ಜೇಡ ತೆಗೀರಿ, ಲಾಗ್ ಪುಸ್ತಕಕ್ಕೆ ರಟ್ಟು ಹಾಕಿ. ಒಂದೂ ಕಾಲರ ಸುಮಾರಿಗೆ ಹೊರಗೆ ಬಂದಾಗ ತಿಪ್ಪೇಶಿ ನಡೆಸೇತುವೆಯ ಮೆಟ್ಟಿಲ ಮೇಲೆ ತಲೆಗೆ ಟವೆಲ್ ಹೊದ್ದು ಚಹಾ ಕುಡಿಯುತ್ತಿದ್ದ. ಗಿರಿಜಮ್ಮ ಹಗ್ಗ ಸುತ್ತುತ್ತಿದ್ದರು. ಸದ್ಯ, ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಕೊನೆಯ ಕಿಂಡಿಯಲ್ಲಿ ಒಂದು ಇಡೀ ಸೀರೆ ಸಿಕ್ಕಿಕೊಂಡಿದೆ ಎಂದು ಅವನು ಚಹಾ ಮುಗಿಸಿ ಮತ್ತೆ ಇಳಿದ. ಅದನ್ನು ನಾನು ನೋಡಲಿಲ್ಲ.

ಒಂದೂವರೆಗೆ ಫೋನ್ ಬಂತು. ಸಾಹೇಬರು ಆಗಲೇ ಬೈಪಾಸ್ ದಾಟಿದ್ದಾರೆ, ಹತ್ತು ನಿಮಿಷದಲ್ಲಿ ಬರುತ್ತಾರೆ. ಪ್ಯಾನೆಲ್ ಕೋಣೆಗೆ ಓಡಿದೆ. ಫಳಫಳ ಒರೆಸಿದ ಬೋರ್ಡ್ ಎದುರು, ಮ್ಯಾಟಿನ ನಡುವೆ, ಕೆಸರು ಮೆತ್ತಿದ ಎರಡು ಹವಾಯಿ ಚಪ್ಪಲಿ. 'ಚಹಾದ ಗಡಿಬಿಡಿಯಲ್ಲಿ ಮೆಟ್ಟಿಕೊಳ್ಳುವುದು ಮರೆತಿದ್ದಾನೆ' ಎಂದುಕೊಂಡೆ. ತಿಪ್ಪೇಶಿ ಮರೆತ ಎಂದು ಮೊದಲು ಅಂದುಕೊಂಡವನು ನಾನೇ. ಎರಡು ಬೆರಳಲ್ಲಿ ಚಪ್ಪಲಿ ಎತ್ತಿ, ಹೊರಗೆ ಬಾಗಿಲ ಪಕ್ಕ ಉಳಿದವರ ಚಪ್ಪಲಿಗಳ ಸಾಲಿನಲ್ಲಿ ನೀಟಾಗಿ ಜೋಡಿಸಿ, ಕೈ ತೊಳೆದುಕೊಂಡು ಗೇಟಿಗೆ ಹೋದೆ. ಕೋಣೆಯಲ್ಲಿ ಆಗ ಯಾರೂ ಇರಲಿಲ್ಲ. ರಫೀಕ್ ಪಕ್ಕದ ಕೋಣೆಯಲ್ಲಿ ಫೋನಿನಲ್ಲಿದ್ದ. ಶುದ್ಧೀಕರಣ ಘಟಕದವರು ತೊಟ್ಟಿ ಖಾಲಿಯಾಗುತ್ತಿದೆ, ಬೇಗ ನೀರು ಬಿಡಿ ಎಂದು ಅವನನ್ನು ಹಿಂಡುತ್ತಿದ್ದರು. ಅವನು ಬಂದು ಮ್ಯಾಟ್ ನೋಡಿದ. ಖಾಲಿ ಇತ್ತು. ಮೇಲೆ ನಿಂತು ಗುಂಡಿ ಒತ್ತಿದ.

ಮೋಟಾರು ಏಳುವ ಸದ್ದು ಕೇಳಿದವರಿಗೆ ಗೊತ್ತು. ಮೊದಲು ಒಂದು ನರಳುವಿಕೆ, ಆಮೇಲೆ ಮೇಲೆ ಮೇಲೆ ಏರುವ ಗುಂಯ್ ಎಂಬ ದನಿ. ಅದರ ಮೇಲೆ ಗಿರಿಜಮ್ಮನ ಕಿರುಚಾಟ ಕೇಳಿತು. ರಫೀಕ್ ಕೆಂಪು ಗುಂಡಿ ಬಡಿದ. ಮೋಟಾರು ಓಡಿದ್ದು ಹನ್ನೆರಡು ಸೆಕೆಂಡಿಗಿಂತ ಹೆಚ್ಚಿಲ್ಲ. ಅಷ್ಟರಲ್ಲಿ ನೀರಿನ ಸೆಳೆತ ತಿಪ್ಪೇಶಿಯನ್ನು ಜಾಲರಿಗೆ ಅಪ್ಪಳಿಸಿ, ಅವನ ಎಡಗೈಯನ್ನು ಭುಜದವರೆಗೆ ಸರಳುಗಳ ನಡುವೆ ಎಳೆದುಕೊಂಡಿತ್ತು. ಗಿರಿಜಮ್ಮ, ರಫೀಕ್, ನಾನು ಮೂವರೂ ಹಗ್ಗ ಎಳೆದೆವು. ಮೇಲೆ ಬಂದಾಗ ತಲೆಯಿಂದ ರಕ್ತ ಇಳಿಯುತ್ತಿತ್ತು, ಭುಜ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಎದೆ ಒತ್ತಿ ಒತ್ತಿ ನೀರು ಕಕ್ಕಿಸಿದವನು ರಫೀಕ್. ತಪಾಸಣೆಗೆ ಬಂದ ಸಾಹೇಬರ ಕಾರಿನಲ್ಲೇ ಅವನನ್ನು ದಾವಣಗೆರೆಗೆ ಸಾಗಿಸಿದೆವು. ಹಿಂದಿನ ಸೀಟಿನಲ್ಲಿ ಅವನ ಕಾಲು ನನ್ನ ತೊಡೆಯ ಮೇಲಿತ್ತು, ಬರಿಗಾಲು.

ಬದುಕಿದ. ಮೂರನೇ ದಿನ ಮಾತಾಡಿದ. ಆದರೆ ಆ ದಿನ ಬೆಳಿಗ್ಗೆ ತಿಂಡಿ ತಿಂದಾಗಿನಿಂದ ಆಸ್ಪತ್ರೆಯಲ್ಲಿ ಕಣ್ಣು ಬಿಡುವವರೆಗೆ ಅವನಿಗೆ ಏನೂ ನೆನಪಿರಲಿಲ್ಲ. ತಲೆಗೆ ಪೆಟ್ಟು ಬಿದ್ದಾಗ ಹೀಗಾಗುತ್ತದೆ, ಆ ತುಣುಕು ವಾಪಸ್ ಬರುವುದು ಅನುಮಾನ ಎಂದರು ಡಾಕ್ಟರು.

ಒಂದು ವಾರಕ್ಕೆ ವಿಚಾರಣೆ ಬಂತು. ಸಿಕ್ಕಿಬಿದ್ದವನು ರಫೀಕ್. ಗುಂಡಿ ಒತ್ತಿದ್ದು ಅವನೇ, ಅದೂ ಗುತ್ತಿಗೆ ನೌಕರ, ತೆಗೆದು ಹಾಕಲು ಒಂದು ಸಹಿ ಸಾಕು. ಅವನು ಗೋಡೆಗೆ ಆತು ನಿಂತು ಒಂದೇ ಮಾತು ಹೇಳಿದ: "ಖುದಾ ಕಸಂ ಸಾಬ್, ಚಪ್ಪಲಿ ಇರ್ಲಿಲ್ಲ. ಹನ್ನೆರಡಕ್ಕೆ ಇತ್ತು, ನಾ ನೋಡೀನಿ. ಸ್ಟಾರ್ಟ್ ಮಾಡಾಗ ಇರ್ಲಿಲ್ಲ."

"ಚಪ್ಪಲಿ ಅಂದ್ರೆ ಏನ್ರೀ? ಇದೇನು ಸೇಫ್ಟಿನಾ?" ಎಂದು ವಿಚಾರಣೆಯ ಅಧಿಕಾರಿ ನನ್ನ ಕಡೆ ತಿರುಗಿದರು. "ನೀವು ಎಲ್ಲಿದ್ರಿ?"

"ನಾನು ಗೇಟಿನಲ್ಲಿದ್ದೆ" ಎಂದೆ.

ಸುಳ್ಳಲ್ಲ. ಗೇಟಿನಲ್ಲೇ ಇದ್ದೆ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಜೀವಮಾನದಲ್ಲಿ ಹೇಳಿಲ್ಲ. ನಾಲಿಗೆ ಇನ್ನೊಂದು ವಾಕ್ಯ ಹೊರಳಿಸಿದ್ದರೆ ಸಾಕಿತ್ತು. ಮೂವತ್ತಮೂರು ವರ್ಷ ಒಂದು ಮೆಮೋ ಕಾಣದ ನೌಕರಿ, ಮುಂದಿನ ವರ್ಷದ ಪಿಂಚಣಿ, ಜನರೆದುರಿನ ಮರ್ಯಾದೆ, ಎಲ್ಲ ಸೇರಿ ಆ ವಾಕ್ಯವನ್ನು ತಡೆದವು. ನಾಳೆ ಹೇಳುತ್ತೇನೆ, ರಫೀಕನನ್ನು ತೆಗೆಯುವ ಮುಂಚೆ ಖಂಡಿತ ಹೇಳುತ್ತೇನೆ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡೆ.

ಆ ಸಂಕಷ್ಟದಿಂದ ನನ್ನನ್ನು ಪಾರು ಮಾಡಿದವನು ತಿಪ್ಪೇಶಿಯೇ. ಆಸ್ಪತ್ರೆಗೆ ಹೇಳಿಕೆ ಪಡೆಯಲು ಬಂದವರ ಎದುರು ಅವನು ಯೋಚಿಸಿ ಯೋಚಿಸಿ ಹೇಳಿದ: "ರಫೀಕ್ ಅಂಥಾವ್ನಲ್ಲ ಸಾರ್. ಚಪ್ಪಲಿ ಹೊರಗ ಸಾಲಿನಾಗ ಸಿಕ್ಕೈತೆ ಅಂತೀರಲ್ಲ, ಚಾ ಕುಡಿಯಾಕ ಬಂದಾಗ ನಾನೇ ಮೆಟ್ಕಂಡು ಬಂದಿರ್ಬೇಕು. ಎರಡ್ನೇ ಸಲ ಇಳಿವಾಗ ಮ್ಯಾಟಿನ ಮ್ಯಾಲೆ ಬಿಡದು ಮರ್ತಿರ್ಬೇಕು. ನಂದೇ ತಪ್ಪು ಅಂತ ಬರ್ಕಳ್ರಿ."

ಬರೆದುಕೊಂಡರು. ರಫೀಕನ ಕೆಲಸ ಉಳಿಯಿತು, ಒಂದು ಎಚ್ಚರಿಕೆ ಪತ್ರ ಮಾತ್ರ ಸಿಕ್ಕಿತು. ಎಲ್ಲರಿಗೂ ಅನುಕೂಲವಾಯಿತು. ನಾನು ಮಂಚದ ಪಕ್ಕದಲ್ಲೇ ಎಳನೀರು ಹಿಡಿದು ನಿಂತಿದ್ದೆ. ನನಗೆ ಆಗ ಆದದ್ದು ನಾಚಿಕೆಯಲ್ಲ, ನಿರಾಳ. ಅಬ್ಬಾ, ಬಚಾವಾದೆ ಎನ್ನಿಸಿತು.

ಅಲ್ಲಿಂದ ಶುರುವಾಯಿತು ನೋಡಿ. ಬೆಳಿಗ್ಗೆ ಮನೆಯವಳು ಚಟ್ನಿಗೆ ಮಿಕ್ಸರ್ ಹಾಕಿದರೆ ನಾನು ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದೆ. ಮೊದಲು ನರಳುವಿಕೆ, ಆಮೇಲೆ ಏರುವ ದನಿ. "ಏನಾತ್ರಿ?" ಎಂದು ಅವಳು, "ಏನಿಲ್ಲ" ಎಂದು ನಾನು. ಯಾರದಾದರೂ ಮನೆಗೆ ಹೋದರೆ ಬಾಗಿಲ ಬಳಿ ಸಾಲಾಗಿ ಬಿಟ್ಟ ಚಪ್ಪಲಿಗಳನ್ನು ನೋಡಲಾಗುತ್ತಿರಲಿಲ್ಲ, ದಾಟಿ ಒಳಗೆ ಹೋಗುವುದೇ ಕಷ್ಟ. ಕಚೇರಿಯಲ್ಲಿ ಇಬ್ಬರು ತಗ್ಗಿದ ದನಿಯಲ್ಲಿ ಮಾತಾಡಿದರೆ ನನ್ನದೇ ಮಾತು ಎನ್ನಿಸುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ಹೆಗಲಿಂದ ಇಳಿಯಲೇ ಇಲ್ಲ.

ಭಾನುವಾರದ ಸೈಕಲ್ ನಿಲ್ಲಿಸಲಿಲ್ಲ. ಈಗ ಹೊಳೆಗಲ್ಲ, ತಿಪ್ಪೇಶಿಯ ಮನೆಗೆ. ಭುಜ ಕೂಡಿಸಿದ್ದರು, ಕಟ್ಟು ಬಿಚ್ಚಿದ್ದರು, ಕೈ ನಿಧಾನವಾಗಿ ಮೇಲೇಳುತ್ತಿತ್ತು. ಹಾಳಾಗಿದ್ದು ಬೇರೆ. ಅವನ ಅಪ್ಪ ಕೊನೆಗಾಲದಲ್ಲಿ ಮರೆವು ಹತ್ತಿ, ಮನೆ ಗೊತ್ತಾಗದೆ ಬೀದಿ ಬೀದಿ ತಿರುಗಿ ತೀರಿಕೊಂಡಿದ್ದನಂತೆ. ತನಗೂ ಅದೇ ಹತ್ತಿದೆ ಎಂದು ತಿಪ್ಪೇಶಿ ಖಚಿತ ಮಾಡಿಕೊಂಡುಬಿಟ್ಟ. "ಹದಿನೈದು ವರ್ಷ ತಪ್ಪದ್ದು ಅವತ್ತು ತಪ್ತು ಅಂದ್ರೆ ಶುರುವಾತು ಅಂತನೇ ಸಾರ್" ಎನ್ನುತ್ತಿದ್ದ. ಬೀಗ ಹಾಕಿ ನಾಲ್ಕು ಸಲ ಎಳೆದು ನೋಡುವನು. ಗ್ಯಾಸ್ ಆರಿಸಿದೆಯಾ ಎಂದು ಹೆಂಡತಿಯನ್ನು ಹತ್ತು ಸಲ ಕೇಳುವನು. ಕಾಲೇಜಿಗೆ ಹೋಗುವ ಮಗಳನ್ನು ಗಾಡಿಯ ಮೇಲೆ ಕೂರಿಸಿಕೊಳ್ಳುವುದನ್ನೇ ಬಿಟ್ಟ, ದಾರಿಯಲ್ಲಿ ಬ್ರೇಕ್ ಹಿಡಿಯುವುದು ಮರೆತರೆ ಎಂದು. ಅಂಥ ಗಟ್ಟಿ ಆಳು, ತನ್ನ ತಲೆಯನ್ನೇ ನಂಬದವನಾದ.

ಗಿರಿಜಮ್ಮನಿಗೆ ಇನ್ನೊಂದು ಚಿಂತೆ. "ಚಾ ಕುಡಿವಾಗ ಇವರ ಕಾಲಾಗ ಚಪ್ಪಲಿ ಇತ್ತೋ ಇಲ್ವೋ, ನಾನಾರ ನೋಡ್ಬೇಕಿತ್ತು. ಪಕ್ಕದಾಗೇ ನಿಂತಿದ್ದೆ ನೋಡ್ರಿ" ಎಂದು ನನ್ನೆದುರೇ ಎಷ್ಟೋ ಸಲ ಅಂದರು. ನಾನು "ಆಗೋದು ಆಗಿಹೋತು, ಬಿಡ್ರಿ" ಎನ್ನುತ್ತಿದ್ದೆ. ಅವರು ಕೊಟ್ಟ ಚಹಾ ಕುಡಿಯುತ್ತಿದ್ದೆ. ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಪ್ರತಿ ವಾರ ಹೇಳಬೇಕೆಂದೇ ಹೊರಡುತ್ತಿದ್ದೆ. ಶಾಮನೂರು ದಾಟುವಾಗ ಮಾತು ಸಿದ್ಧವಿರುತ್ತಿತ್ತು. ಅವರ ಮನೆಯ ಮುಂದೆ ಸ್ಟ್ಯಾಂಡ್ ಹಾಕುವಷ್ಟರಲ್ಲಿ ಕರಗಿ ಹೋಗುತ್ತಿತ್ತು.

ಅಕ್ಟೋಬರ್‌ನಲ್ಲಿ ಹೊಳೆ ತಿಳಿಯಾದ ಮೇಲೆ ತಿಪ್ಪೇಶಿ ಹಟ ಹಿಡಿದ. "ನಿಮ್ದು ಕಲಿಯಾದು ಅರ್ಧಕ್ಕ ನಿಂತೈತೆ, ಬರ್ರಿ." ತಾನು ಇಳಿಯಲಿಲ್ಲ. ಮೆಟ್ಟಿಲ ಮೇಲೆ ಕೂತು "ಕಾಲು ಸಡ್ಲ ಬಿಡ್ರಿ, ಕತ್ತು ಬಿಗಿ ಮಾಡಬ್ಯಾಡ್ರಿ" ಎಂದು ಹೇಳುತ್ತಿದ್ದ. ನಾನು ಅಂಗಾತ ಮಲಗಿದೆ. ಕಿವಿ ನೀರಿನೊಳಗೆ ಹೋಯಿತು. ನೀರಲ್ಲಿ ಸದ್ದು ಬಹಳ ದೂರ ಹೋಗುತ್ತದೆ. ಜಾಕ್‌ವೆಲ್‌ನ ಗುಂಯ್ ಎಂಬ ಸದ್ದು ಹೊಳೆಯ ಒಳಗಿನಿಂದ ಬಂದು ನನ್ನ ತಲೆಬುರುಡೆಯಲ್ಲಿ ತುಂಬಿಕೊಂಡಿತು. ನಿಜವಾಗಿ ಕೇಳಿತೋ, ನನ್ನ ಒಳಗಿನದೋ, ಇವತ್ತಿಗೂ ಗೊತ್ತಿಲ್ಲ. ಬೆನ್ನ ಕೆಳಗೆ ಆ ಅಂಗೈ ಇರಲಿಲ್ಲ. ಮುಳುಗಿದೆ, ನೀರು ಕುಡಿದೆ, ಬಡಿದಾಡಿ ಮೆಟ್ಟಿಲು ಹಿಡಿದೆ. ತಿಪ್ಪೇಶಿ ಗಾಬರಿಯಿಂದ ಎದ್ದು ನಿಂತಿದ್ದ. ನೀರಿಗೆ ಹಾರಬೇಕಾದವನು ಹಾರಲಿಲ್ಲ. "ತಪ್ಪಾತು ಸಾರ್, ಕೈ ಎಲ್ಲಿ ಇಡ್ಬೇಕು ಅನ್ನಾದೇ ನನಗ ಮರ್ತೋತು" ಎಂದು ಅಳುವ ದನಿಯಲ್ಲಿ ಹೇಳಿದ.

ದೀಪಾವಳಿ ಮುಗಿದು ಎರಡು ವಾರಕ್ಕೆ ಹೋದಾಗ ಅಂಗಳದಲ್ಲಿ ಎರಡು ಚೀಲ ಕಟ್ಟಿಟ್ಟಿದ್ದವು.

"ಕಡರನಾಯಕನಹಳ್ಳಿಗೆ ಹೋಗ್ತೀವಿ ಸಾರ್, ಗಿರಿಜಿ ತವರಿಗೆ" ಎಂದ ತಿಪ್ಪೇಶಿ. "ಭಾಮೈದನ ಹೊಲ ಐತೆ. ಕಳೆ ತೆಗಿಯಾದು, ಬದು ಕಡಿಯಾದು. ಆ ಕೆಲಸದಾಗ ಏನಾರ ಮರ್ತ್ರೂ ಯಾರೂ ಸಾಯಂಗಿಲ್ಲ."

ಹೊಳೆಯಲ್ಲೇ ಹುಟ್ಟಿದಂಥ ಮನುಷ್ಯ. ಅವನ ಅಜ್ಜ ಹರಿಗೋಲು ಹಾಕುತ್ತಿದ್ದವನು. ಅವನು ಹೊಳೆ ಬಿಟ್ಟು ಹೊರಟಿದ್ದ, ಮಾಡದ ತಪ್ಪಿಗೆ. ನಾನು ಕಟ್ಟೆಯ ಮೇಲೆ ಕೂತೆ.

"ತಿಪ್ಪೇಶಿ, ನೀನು ಮರೆತಿರಲಿಲ್ಲ. ಚಪ್ಪಲಿ ಮ್ಯಾಟಿನ ಮೇಲೇ ಇತ್ತು. ತೆಗೆದು ಹೊರಗಿಟ್ಟವನು ನಾನು" ಎಂದೆ.

ಅವನು ನನ್ನ ಮುಖ ನೋಡಿದ. ಸಿಟ್ಟು ಬರುತ್ತದೆ, ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದು ನಾನು ತಲೆ ತಗ್ಗಿಸಿದ್ದೆ.

"ಹಂಗಾದ್ರೆ ನಾನು ಮರ್ತಿರ್ಲಿಲ್ಲ?" ಎಂದ.

"ಇಲ್ಲ."

"ಖರೇನ? ಮ್ಯಾಟಿನ ಮ್ಯಾಲೇ ಇತ್ತ? ನೀವೇ ನೋಡೀರ?"

"ನಾನೇ ಕೈಯಾರೆ ಎತ್ತಿದೆ."

ಅವನಿಗೆ ನನ್ನ ತಪ್ಪು ಕಾಣಿಸಲೇ ಇಲ್ಲ. ಎರಡೂ ಕೈಯಿಂದ ತಲೆ ಹಿಡಿದುಕೊಂಡು ನಗತೊಡಗಿದ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಗಿರಿಜೀ! ಏ ಗಿರಿಜೀ! ಬಾರೇ ಇಲ್ಲಿ! ನನ್ನ ತಲಿ ಸರಿ ಐತಂತೆ ಕಣೇ! ಚಪ್ಪಲಿ ಅಲ್ಲೇ ಬಿಟ್ಟಿದ್ದೆ! ಸಾಹೇಬ್ರೇ ತೆಗೆದಿದ್ರಂತೆ!"

ಗಿರಿಜಮ್ಮ ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ನಗಲಿಲ್ಲ.

"ನಾಲ್ಕೂವರೆ ತಿಂಗ್ಳು" ಎಂದರು. ದನಿ ಏರಿಸಲಿಲ್ಲ. "ಈ ಮನುಷ್ಯ ದಿನಾ ಬೆಳಿಗ್ಗೆ ಎದ್ದು, ಮಗಳ ಹೆಸರು, ನನ್ನ ಹೆಸರು, ಊರಿನ ಹೆಸರು ತಮಗ ತಾವೇ ಹೇಳ್ಕಂಡು ನೋಡ್ತಿದ್ರು, ಮರ್ತಿಲ್ಲ ಅಲ್ವಾ ಅಂತ. ನೀವು ಎಲ್ಲಾ ಗೊತ್ತಿದ್ದೂ ಇಲ್ಲೇ ಕೂತು ಚಾ ಕುಡಿದು ಹೋಗ್ತಿದ್ರಿ."

"ಸುಮ್ನಿರೇ, ಈಗ ಹೇಳಿದ್ರಲ್ಲ" ಎಂದ ತಿಪ್ಪೇಶಿ.

"ಹೇಳಿದ್ರು. ಚೀಲ ಕಟ್ಟಿದ್ ಮ್ಯಾಲೆ ಹೇಳಿದ್ರು." ಲೋಟವನ್ನು ನನ್ನ ಪಕ್ಕ ಕಟ್ಟೆಯ ಮೇಲಿಟ್ಟರು. "ಕುಡೀರಿ. ಬಂದವ್ರಿಗೆ ಇಲ್ಲ ಅನ್ನಬಾರ್ದು. ಆದ್ರ ಇನ್ಮ್ಯಾಲೆ ಭಾನುವಾರ ಬರಬ್ಯಾಡ್ರಿ."

ಕುಡಿದೆ. ಅಷ್ಟು ಬಿಸಿ ಚಹಾವನ್ನು ಹೇಗೆ ಕುಡಿದೆನೋ.

ಮರುದಿನ ಕಚೇರಿಗೆ ಹೋಗಿ ಒಂದೂವರೆ ಪುಟ ಬರೆದು ಸಹಿ ಮಾಡಿ ಕೊಟ್ಟೆ. ಮೇಲಿನವರಿಗೆ ಅದು ಬೇಕಿರಲಿಲ್ಲ. "ಮುಗಿದ ಫೈಲು, ಯಾಕ್ರೀ ಮೈಮೇಲೆ ಎಳ್ಕೋತೀರಿ?" ಎಂದರು. ಪಟ್ಟು ಹಿಡಿದೆ. ನನಗೆ ದೋಷಾರೋಪ ಪತ್ರ ಬಂತು, ಒಂದು ಇನ್‌ಕ್ರಿಮೆಂಟ್ ಹೋಯಿತು. ರಫೀಕನ ಎಚ್ಚರಿಕೆ ಪತ್ರ ರದ್ದಾಯಿತು. ಅವನು ನನ್ನ ಜೊತೆ ಈಗಲೂ ಮಾತಾಡುತ್ತಾನೆ, ಆದರೆ ಮುಂಚಿನ ಹಾಗೆ ಕೀಟಲೆ ಮಾಡುವುದಿಲ್ಲ. ಮನೆಯವಳಿಗೂ ಅಂದೇ ಹೇಳಿದೆ. ನನಗಾದರೂ ಹೇಳಬಾರದಿತ್ತೇ ಎಂದಳು.

ಜಾಕ್‌ವೆಲ್‌ನಲ್ಲಿ ಹೊಸ ಬೀಗ ಬಂತು. ನೀರಿಗಿಳಿಯುವ ಮುಂಚೆ ಮೇನ್ ಸ್ವಿಚ್ ಇಳಿಸಿ ಬೀಗ ಹಾಕಬೇಕು, ಕೀಲಿ ಹಗ್ಗ ಹಿಡಿದವರ ಕೈಯಲ್ಲಿರಬೇಕು, ಅವರು ತಂದು ಕೊಡುವವರೆಗೆ ಎಂಜಿನಿಯರೂ ಅದನ್ನು ಕೇಳುವಂತಿಲ್ಲ ಎಂದು ನಾನೇ ಬರೆದು ಗೋಡೆಗೆ ಹಾಕಿಸಿದೆ. ತಿಪ್ಪೇಶಿ ಊರು ಬಿಡಲಿಲ್ಲ. ಫೆಬ್ರವರಿಯಲ್ಲಿ ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ ಕೆಲಸಕ್ಕೆ ಬಂದ.

ಹೊಸ ಎಂಜಿನ್, ಹೊಸ ಪಂಪು, ಹೊಸ ಕಾನೂನು ಎಷ್ಟೋ ಕಲಿತೆ ಈ ನೌಕರಿಯಲ್ಲಿ. ಕಡೆಯ ವರ್ಷ ಕಲಿತದ್ದು ಮಾತ್ರ ಇಷ್ಟು. ಕೆಲಸದಲ್ಲಿ ಕೈ ತಪ್ಪುತ್ತದೆ, ನನಗಿಂತ ಬುದ್ಧಿವಂತರಿಗೂ ತಪ್ಪಿದೆ. ತಪ್ಪಿದ ಕೂಡಲೇ ಬಾಯಿಬಿಟ್ಟರೆ ಅದು ಒಂದು ಅಪಘಾತವಾಗಿ ಉಳಿಯುತ್ತದೆ. ಬಾಯಿ ಮುಚ್ಚಿದರೆ ಅದನ್ನು ಬೇರೆ ಯಾರೋ ತಮ್ಮದೆಂದು ಹೊತ್ತುಕೊಳ್ಳುತ್ತಾರೆ, ನಾವು ಪಕ್ಕದಲ್ಲೇ ನಿಂತು ನೋಡುತ್ತಿರುತ್ತೇವೆ. ಹೊಸ ಹುಡುಗರಿಗೆ ತರಬೇತಿಯಲ್ಲಿ ಇದನ್ನೇ ಹೇಳುತ್ತೇನೆ.

ತಿಪ್ಪೇಶಿ ಮತ್ತೆ ನೀರಿಗಿಳಿದ ದಿನ ಬೀಗ ಹಾಕಿದವನು ನಾನು. ಕೀಲಿ ತೆಗೆದುಕೊಂಡು ನಡೆಸೇತುವೆಗೆ ಹೋಗಿ ಗಿರಿಜಮ್ಮನ ಕಡೆ ಚಾಚಿದೆ. ಅವರು ನನ್ನ ಕೈಯನ್ನು ಒಮ್ಮೆ ನೋಡಿದರು, ತಮ್ಮ ಕೈ ಮುಂದೆ ಮಾಡಲಿಲ್ಲ.

"ಅಲ್ಲಿಡ್ರಿ" ಎಂದರು.

ಸೇತುವೆಯ ಅಡ್ಡಗೋಡೆಯ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದೆ. ಆಮೇಲೆ ಅವರು ಅದನ್ನು ತೆಗೆದುಕೊಂಡು, ಪ್ಯಾನೆಲ್ ಕೋಣೆಗೆ ಹೋಗಿ ಬೀಗವನ್ನು ತಾವೇ ಒಮ್ಮೆ ಎಳೆದು ನೋಡಿ ಬಂದು, ಹಗ್ಗ ಹಿಡಿದರು.